ಎಕ್ಸ್‌ಪ್ರೆಸ್‌ವೇಯಲ್ಲಿ ಕಾಣೆಯಾದ ಬೋರ್ಡು

ಕೊರಿಯಾದವರ ಕಂಪನಿಯಲ್ಲಿದ್ದವನಿಗೆ ದಿನಕ್ಕೊಮ್ಮೆಯಾದರೂ ಎದೆ ಧಸಕ್ಕೆನ್ನದಿದ್ದರೆ ಅಂದು ಶುಕ್ರವಾರದ ರಜೆ ಎಂದೇ ಅರ್ಥ. ಎಂಬತ್ತರ ದಶಕದಲ್ಲಿ ಅವರು ಸೌದಿಯ ತಬೂಕ್ ಹತ್ತಿರ ಎಕ್ಸ್‌ಪ್ರೆಸ್‌ವೇ ಹಾಕುತ್ತಿದ್ದರು. ದಾರಿ ತೋರಿಸುವ ಬೋರ್ಡು ನಿಲ್ಲಿಸುವ ಗ್ಯಾಂಗಿಗೆ ನಾನು ಮೇಸ್ತ್ರಿ. ರಸ್ತೆ ಮುಗಿದ ಮೇಲೆ ಯಾನ್ಬು ಪಟ್ಟಣದ ಹೊಸ ಕೆಲಸಕ್ಕೆ ಯಾರು, ಊರಿನ ವಿಮಾನಕ್ಕೆ ಯಾರು ಎಂಬುದು ಕೊರಿಯಾದ ಮ್ಯಾನೇಜರ್ ಕೈಯಲ್ಲಿತ್ತು. ಊರಲ್ಲಿ ಮನೆಗೆ ಪಾಯ ಹಾಕಿಸಿ ಬಂದವ ನಾನು. ಗೋಡೆ ಏಳಬೇಕಾದರೆ ಯಾನ್ಬು ಬೇಕೇ ಬೇಕಿತ್ತು.

೧. ಬೆಳಗ್ಗಿನ ಶಿಕ್ಷೆ

ಮೊದಲ ದಿನ ಮುಂಜಾನೆ ಸೈರನ್ ಕೂಗಿತು. ಹೊರಗೆ ಬಂದರೆ ಮೈಕಿನ ಹಾಡಿಗೆ ನೂರಾರು ಜನ ಸಾಲಾಗಿ ನಿಂತು ಶಾಲೆಯ ಡ್ರಿಲ್ಲಿನಂತೆ ಕೈ ಮೇಲೆತ್ತಿ ಕುಪ್ಪಳಿಸುತ್ತಿದ್ದಾರೆ! ನನ್ನ ಜೊತೆ ಬಂದಿದ್ದ ಭಟ್ಕಳದ ಅಡುಗೆಯವ ಬೆವತು ಹೋದ.

"ಎಂತ ತಪ್ಪು ಮಾಡಿದ್ದು ಇವರೆಲ್ಲ?"

"ಗೊತ್ತಿಲ್ಲ ಭಾಯ್. ಅಲ್ಲಿ ನೋಡಿ, ಮ್ಯಾನೇಜರೂ ಹಾರ್ತಾ ಇದ್ದಾನೆ."

"ಯಾ ಅಲ್ಲಾ! ಅವನೂ ಸಿಕ್ಕಿಬಿದ್ದನಾ?"

೨. ಒಂಟೆಯ ದಾರಿ

ಒಂದು ದಿನ ಮ್ಯಾನೇಜರ್ ನಮಗೆ ರಸ್ತೆಯ ಲಕ್ಷಣ ವಿವರಿಸಿದ. ಒಂದೊಂದು ಬದಿಗೆ ಮೂರು ಲೇನ್, ನಡುವೆ ಗೋಡೆ, ಎರಡೂ ಕಡೆ ಬೇಲಿ. ಸಿಗ್ನಲ್ ಇಲ್ಲ, ಅಡ್ಡರಸ್ತೆ ಇಲ್ಲ, ಎಕ್ಸಿಟ್ ಎಂಬ ಇಳಿದಾರಿ ಬಿಟ್ಟರೆ ಬೇರೆಲ್ಲೂ ಇಳಿಯುವಂತಿಲ್ಲ. ಉಡುಪಿ ಕಡೆಯ ನಮ್ಮ ರೋಲರ್ ಡ್ರೈವರ್ ಕಂಗಾಲಾದ.

"ಸಾರ್, ಆಚೆ ಬದಿಯ ಚಾ ಅಂಗಡಿಗೆ ಹೋಗುದು ಹೇಗೆ?"

"ಮುಂದಿನ ಎಕ್ಸಿಟ್‌ನಲ್ಲಿ ತಿರುಗಿ ಬರಬೇಕು. ನಲವತ್ತು ಕಿಲೋಮೀಟರ್."

"ಮತ್ತೆ ಅಲ್ಲಿ ಒಂಟೆಗಳು ದಾಟ್ತಾ ಉಂಟಲ್ಲ?"

"ಅವಕ್ಕೆ ರಸ್ತೆಯ ಅಡಿಯಲ್ಲಿ ಬೇರೆ ದಾರಿ ಮಾಡಿದ್ದೇವೆ."

ಡ್ರೈವರ್ ಕೈ ಮುಗಿದ. "ಹಾಗಾದ್ರೆ ಚಾ ಕುಡಿಯುವ ಹೊತ್ತಿಗೆ ನಮ್ಮನ್ನೂ ಒಂಟೆಗಳ ಜೊತೆ ಸೇರಿಸಿ ಸಾರ್."

೩. ಊಟದ ಮೇಜು

ಕ್ಯಾಂಪಿನಲ್ಲಿ ನಾವು ನೆಲದ ಮೇಲೆ ಒಂದೇ ಹರಿವಾಣದ ಸುತ್ತ ಕೂತು ಉಣ್ಣುತ್ತಿದ್ದೆವು. ಗಾಳಿ ಎದ್ದರೆ ಅನ್ನಕ್ಕಿಂತ ಮರಳೇ ಹೆಚ್ಚು. ಸ್ಟೋರಿನ ಹಿಂದೆ ಒಂದು ಅಲ್ಯುಮಿನಿಯಂ ಬೋರ್ಡು ಉಳಿದಿತ್ತು. ಹೆಚ್ಚುವರಿ ಎಂದುಕೊಂಡು ಅದನ್ನು ನಾಲ್ಕು ಡ್ರಮ್ಮುಗಳ ಮೇಲೆ ಕವುಚಿ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಸಿದೆ. ಮೂರು ತಿಂಗಳು ರಾಜಭೋಜನ.

ತಪಾಸಣೆಯ ದಿನ ಬಂತು. ಮ್ಯಾನೇಜರ್ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ಸೌದಿ ಸರಕಾರದ ಇಂಜಿನಿಯರ್, ಹಿಂದೆ ನಾನು. ಕ್ಯಾಂಪಿಗೆ ಇಳಿಯುವ ಎಕ್ಸಿಟ್ ಸರ್ರನೆ ಹಿಂದೆ ಹೋಯಿತು.

"ಎಕ್ಸಿಟ್ ಬೋರ್ಡು ಎಲ್ಲಿ?" ಎಂದು ಮ್ಯಾನೇಜರ್ ಚೀರಿದ.

ಅದು ಎಲ್ಲಿದೆ ಎಂದು ಆ ಕ್ಷಣವೇ ನನಗೆ ಹೊಳೆಯಿತು. ನಲವತ್ತು ಕಿಲೋಮೀಟರ್ ಮುಂದೆ, ಮತ್ತೆ ನಲವತ್ತು ಹಿಂದೆ. ಅಷ್ಟು ದೂರವೂ ಯಾನ್ಬು ಕೈತಪ್ಪಿತೆಂದು ಒಳಗೊಳಗೇ ಅತ್ತೆ.

ಹಸಿದು ಕಂಗೆಟ್ಟಿದ್ದ ಇಂಜಿನಿಯರ್ ನೇರ ನಮ್ಮ ಮೇಜಿಗೇ ಬಂದು ಕೂತ. ಅಡುಗೆಯವ ಮೀನು ಸಾರು ಬಡಿಸಿದ. ಅಷ್ಟರಲ್ಲಿ ಮ್ಯಾನೇಜರ್ ಕೈಯ ಚಮಚ ಕೆಳಗೆ ಬಿತ್ತು. ಹೆಕ್ಕಲು ಬಗ್ಗಿದವನು ಮೇಲೇಳಲೇ ಇಲ್ಲ. ಏನಾಯಿತೆಂದು ಇಂಜಿನಿಯರೂ ಬಗ್ಗಿದ. ಮೇಜಿನ ಅಡಿಯಲ್ಲಿ ಹಸಿರು ಬಣ್ಣ, ಬಿಳಿ ಅಕ್ಷರ, ದಪ್ಪ ಬಾಣ.

ನಾನು ಕಣ್ಣು ಮುಚ್ಚಿಕೊಂಡೆ. ಕೇಳಿಸಿದ್ದು ಇಂಜಿನಿಯರನ ನಗು.

"ಬೋರ್ಡಿನದೇನೂ ತಪ್ಪಿಲ್ಲ. ಬಾಣ ಮೀನಿನ ಪಾತ್ರೆಯ ಕಡೆಗೇ ತೋರಿಸ್ತಾ ಇದೆ!"

ಸಂಜೆಯೊಳಗೆ ಅದನ್ನು ತೊಳೆದು, ಮಸಾಲೆಯ ವಾಸನೆ ಸಮೇತ ರಸ್ತೆಯಲ್ಲಿ ನಿಲ್ಲಿಸಿದೆವು. ವಾರದ ನಂತರ ಯಾನ್ಬುವಿನ ಪಟ್ಟಿ ಅಂಟಿಸಿದರು. ಮೇಲಿಂದ ಒಂದೊಂದೇ ಹೆಸರು ಓದಿದೆ. ನನ್ನ ಹೆಸರಿತ್ತು! ಅದರ ಮುಂದೆಯೇ ಮ್ಯಾನೇಜರ್ ಕೈಬರಹದಲ್ಲಿ ಒಂದು ಸಾಲು: "ಇವನು ತಲುಪುವ ಮೊದಲೇ ಊಟದ ಮೇಜು ಕಳುಹಿಸಿ."