ಕಾರ್ಬುರೇಟರಿನ ಸರ್ಕಾರಿ ಕೋನ

ಬನಶಂಕರಿಯ ಹಳೆ ವಾಹನ ಪರೀಕ್ಷಾ ಕೇಂದ್ರದ ಅಂಗಳ ಸಮತಟ್ಟಾಗಿದೆ. ಹಾಗೆಂದು ಅಲ್ಲಿನ ಅಮೃತಶಿಲೆಯ ಮೇಲೆ, ಉದ್ಘಾಟಿಸಿದ ಸಚಿವರ ಹೆಸರಿನ ಸಮೇತ ಕೆತ್ತಲಾಗಿದೆ. ಅಲ್ಲಿ ನಿಂತ ಪ್ರತಿ ಗಾಡಿಯ ಚಕ್ರಕ್ಕೂ ಕಲ್ಲು ಕೊಡುವುದು, ಇನ್ಸ್‌ಪೆಕ್ಟರ್ ವೇಣು ಟೀ ಲೋಟವನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದಿರುವುದು ಬೇರೆ ವಿಷಯ.

ಯಡಿಯೂರಿನ ನಾಗಲಕ್ಷ್ಮಮ್ಮ ತಮ್ಮ ಫಿಯೆಟ್ ಕಾರನ್ನು ಈ ಅಂಗಳಕ್ಕೆ ತಂದಾಗ ಅವರಿಗೆ ಗೊತ್ತಿದ್ದದ್ದು ಇಷ್ಟೇ: ಪಾಸಾದರೆ ಗಾಡಿ ಉಳಿಯುತ್ತದೆ, ಫೇಲಾದರೆ ಗುಜರಿಗೆ ಹೋಗುತ್ತದೆ. ಹೋದರೆ, ಉಳಿದ ಆಯಸ್ಸೆಲ್ಲ ಮಗ ಮನೋಜನ ಕಾರಿನಲ್ಲಿ, ಅವನಿಗೆ ಬಿಡುವಾದಾಗ, ಅವನ ಉಪದೇಶ ಕೇಳುತ್ತ ಓಡಾಡಬೇಕು.

ವೇಣು ಬಾನೆಟ್ ಎತ್ತಿಸಿ, ಕಾರ್ಬುರೇಟರಿನ ನೆತ್ತಿಯ ಮೇಲೆ ಗಾರೆಯವರ ರಸಮಟ್ಟ ಇಟ್ಟರು. ಗಾಜಿನೊಳಗಿನ ಗುಳ್ಳೆ ಒಂದು ತುದಿಗೆ ಓಡಿತು.

"ಕಾರ್ಬುರೇಟರ್ ವಾಲಿದೆ ಮೇಡಂ. ಒಳಗಿನ ಪೆಟ್ರೋಲ್ ಮಟ್ಟವಾಗಿ ನಿಲ್ಲಬೇಕು ಅಂತ ರೂಲ್ಸು."

"ಅದು ನೆಟ್ಟಗೇ ಇದೆ ಸಾರ್. ವಾಲಿರೋದು ನಿಮ್ಮ ಅಂಗಳ."

"ಅಂಗಳ ವಾಲೋದಕ್ಕೆ ಅವಕಾಶ ಇಲ್ಲ. ಮಟ್ಟ ಮಾಡಿದ್ದಕ್ಕೆ ಬಿಲ್ ಪಾಸಾಗಿದೆ."

"ಗಾಡಿ ತಿರುಗಿಸಿ ನಿಲ್ಲಿಸ್ತೀನಿ, ಗುಳ್ಳೆ ಆ ಕಡೆ ಓಡುತ್ತೆ, ನೀವೇ ನೋಡಿ."

"ಸಚಿವರ ಕಲ್ಲಿಗೆ ಬೆನ್ನು ತೋರಿಸೋ ಹಂಗಿಲ್ಲ ಮೇಡಂ."

ಸಿದ್ದಾಪುರದ ಮೆಕ್ಯಾನಿಕ್ ಶಿವರಾಜ್ ಇದನ್ನು ಕೇಳಿ ತಲೆಯನ್ನೂ ಎತ್ತಲಿಲ್ಲ. "ಆಂಟಿ, ಗಾಡಿ ಓಡ್ಬೇಕಾ, ಪಾಸಾಗ್ಬೇಕಾ?"

"ಎರಡೂ ಆಗ್ಬೇಕಪ್ಪ."

"ಅದು ಹೊಸ ಗಾಡಿಗೇ ಕಷ್ಟ. ಮೊದ್ಲು ಪಾಸಾಗ್ಲಿ ಬಿಡಿ."

ಇಂಜಿನ್ನಿಗೂ ಕಾರ್ಬುರೇಟರಿಗೂ ನಡುವೆ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುವ ಪಟ್ಟಿ ಕೊಟ್ಟು ಬೋಲ್ಟ್ ಬಿಗಿದ. ಅಂಥ ಪಟ್ಟಿಗಳು ಅವನ ಬಳಿ ಡಬ್ಬದ ತುಂಬ ಇದ್ದವು. ಅಂಗಳದಲ್ಲಿ ಗುಳ್ಳೆ ನಟ್ಟನಡುವೆ ನಿಂತಿತು. ವೇಣು ಅಭಿನಂದಿಸಿ, ಯಾರೂ ಕೋನ ಬದಲಿಸದಂತೆ ಕಾರ್ಬುರೇಟರಿಗೆ ತಂತಿ ಬಿಗಿದು ಸರ್ಕಾರಿ ಸೀಲ್ ಒತ್ತಿದರು.

ಗೇಟಿನಾಚೆಯ ಮಟ್ಟವಾದ ರಸ್ತೆಗೆ ಇಳಿದೊಡನೆ ಕಾರ್ಬುರೇಟರ್ ವಾಲಿತು, ಪೆಟ್ರೋಲ್ ಉಕ್ಕಿತು, ಇಂಜಿನ್ ನಿಂತಿತು. ಅವರಿಗಿಂತ ಮೊದಲು ಪಾಸಾದವರು ಅಲ್ಲೇ ಸಾಲಾಗಿ ನಿಂತಿದ್ದರು.

"ಸಾರ್, ಗಾಡಿ ಆಚೆ ಓಡ್ತಿಲ್ಲ."

"ಒಳಗೆ ಓಡ್ತಲ್ಲ ಮೇಡಂ? ಹಂಗಾದ್ರೆ ರಸ್ತೆ ಸರಿಯಿಲ್ಲ. ಕಂಪ್ಲೇಂಟ್ ಕೊಡಿ."

ನಾಗಲಕ್ಷ್ಮಮ್ಮ ಕೊಟ್ಟರು. ಸಮಿತಿ ಸೇರಿತು. ಅಂಗಳ ತಪ್ಪಿರಲು ಸಾಧ್ಯವಿಲ್ಲ, ಸೀಲಾದ ಗಾಡಿಯೂ ತಪ್ಪಿರಲು ಸಾಧ್ಯವಿಲ್ಲ. ಉಳಿದದ್ದು ದೂರು ಕೊಟ್ಟವರ ಬಡಾವಣೆ, ಯಡಿಯೂರು. ಪ್ರಕಟಣೆ ಹೊರಬಿತ್ತು: "ಸದರಿ ಬಡಾವಣೆಯ ರಸ್ತೆಗಳು ಅಧಿಕೃತ ಸಮತಲಕ್ಕೆ ಹೊಂದಿಕೆಯಾಗದಿರುವುದು ಕಂಡುಬಂದಿದ್ದು, ಅವುಗಳನ್ನು ಕೇಂದ್ರದ ಅಂಗಳದಂತೆ ಸಮತಟ್ಟುಗೊಳಿಸಲಾಗುವುದು. ಸಾರ್ವಜನಿಕರು ನೆಟ್ಟಗೆ ನಿಂತು ಸಹಕರಿಸತಕ್ಕದ್ದು."

ರಸ್ತೆಯ ಒಂದು ತುದಿಯನ್ನು ಎತ್ತರಿಸಿ ಟಾರ್ ಹಾಕಿದರು. ಮೇಲಿನ ತುದಿಯ ಮನೆಯ ಯಲ್ಲಯ್ಯನವರ ಗೇಟು ಅರ್ಧ ಹೂತುಹೋಯಿತು. ಅವರು ಪಂಚೆ ಎತ್ತಿಕಟ್ಟಿ ಅದನ್ನು ದಾಟುತ್ತ, "ಏನಾದ್ರೂ ಆಗ್ಲಿ ತಾಯಿ, ಟಾರ್ ಬಿತ್ತಲ್ಲ" ಎಂದರು. ಬೀದಿಯವರೆಲ್ಲ ಹೌದೆಂದರು.

ನಾಗಲಕ್ಷ್ಮಮ್ಮನ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ ಏರು ಹತ್ತಿತು. ವಾಪಸ್ ಬರುವಾಗ ಇಳಿಜಾರಿನಲ್ಲಿ ಮೂತಿ ಕೆಳಗಾಗಿ ಮತ್ತೆ ನಿಂತಿತು. ಇದಕ್ಕೂ ಪ್ರಕಟಣೆ ಬಂತು: ವಾಹನಗಳು ಮನೆಗೆ ಮರಳುವಾಗ ರಿವರ್ಸ್ ಗೇರಿನಲ್ಲೇ ಬರತಕ್ಕದ್ದು. ನಾಗಲಕ್ಷ್ಮಮ್ಮ ಕತ್ತಿಗೆ ಎಣ್ಣೆ ಹಚ್ಚಿಕೊಂಡು ಅಭ್ಯಾಸ ಮಾಡಿಕೊಂಡರು. ಕತ್ತು ನೋಯುತ್ತಿತ್ತು, ಆದರೆ ಸ್ಟೇರಿಂಗ್ ಅವರ ಕೈಯಲ್ಲೇ ಇತ್ತು.

ಒಂದು ಸಂಜೆ ಮನೋಜ ತನ್ನ ಹೊಸ ಕಾರಿನಲ್ಲಿ ಮುಂದಕ್ಕೆ ಮುಖ ಮಾಡಿಕೊಂಡೇ ಬೀದಿಗೆ ಇಳಿದ. ಟ್ರಾಫಿಕ್ ಕಾನ್‌ಸ್ಟೇಬಲ್ ಸೀಟಿ ಊದಿದ.

"ಏನ್ ಸಾರ್, ಓದಿರೋರು ನೀವು. ಹಿಂಗಾ ಮನೆಗೆ ಹೋಗೋದು?"

"ರೀ, ಆ ರೂಲು ಹಳೆ ಗಾಡಿಗೆ. ನನ್ ಗಾಡೀಲಿ ಕಾರ್ಬುರೇಟರೇ ಇಲ್ಲ!"

"ಕಾರ್ಬುರೇಟರೂ ಇಲ್ವಾ?" ಕಾನ್‌ಸ್ಟೇಬಲ್ ಎರಡನೇ ಕೇಸು ಬರೆಯತೊಡಗಿದ.

ಅಷ್ಟರಲ್ಲಿ ನಾಗಲಕ್ಷ್ಮಮ್ಮ ಹಿಮ್ಮುಖವಾಗಿ ಬಂದು ಬ್ರೇಕ್ ಹಾಕಿದರು.

"ಬಿಟ್ಬಿಡಿ ಸಾರ್, ನನ್ ಮಗ. ಇನ್ನೂ ಕಲೀತಾ ಇದಾನೆ." ಆಮೇಲೆ ಮಗನಿಗೆ, "ತಿರುಗಿಸ್ಕೊಳೋ. ಬೀದಿಯವ್ರು ನೋಡ್ತಿದಾರೆ."

ಮನೋಜ ಸುತ್ತಲೂ ನೋಡಿದ. ನಿಜಕ್ಕೂ ಎಲ್ಲರೂ ನೋಡುತ್ತಿದ್ದರು, ತಪ್ಪು ಮಾಡಿದವನನ್ನು ನೋಡುವ ಹಾಗೆ. ಅವನು ಗಾಡಿ ತಿರುಗಿಸಿಕೊಂಡು, ರಿವರ್ಸ್ ಹಾಕಿ, ಅಮ್ಮನ ಹಿಂದೆ ಹೊರಟ.