ಕೆಸರುಗದ್ದೆಗೆ ಬಂದ ವಿಷಯ ತಜ್ಞರು

ತುಳುನಾಡಿನ ಮಳೆಗಾಲದ ಆಟಿ ತಿಂಗಳ ಆ ಆದಿತ್ಯವಾರ ಬೆಳಿಗ್ಗೆ ಶೋಧನ್ ತನ್ನ ಮೊಬೈಲನ್ನು ಅಕ್ಕಿ ಡಬ್ಬದೊಳಗೆ ಹೂತು, ಮುಚ್ಚಳ ಹಾಕಿ, ಚಾಪೆಯ ಮೇಲೆ ಮತ್ತೆ ಬಿದ್ದುಕೊಂಡಿದ್ದ. ಕಾಲೇಜಿನ ಕಚೇರಿಯ ಶೀನಪ್ಪಣ್ಣನ ಕೈಗೆ ಇವತ್ತು ಸಿಗಬಾರದು, ಅಷ್ಟೇ. ಆದರೆ ಶೀನಪ್ಪಣ್ಣ ಮೊಬೈಲಿಗೆ ಸಿಗದವರನ್ನು ನೆರೆಮನೆಯ ಮೂಲಕ ಹಿಡಿಯುವವರ ಪೈಕಿ.

“ಶೋಧನ, ನಿಂಗೆ ಫೋನು” ಎಂದು ಪಕ್ಕದ ಮನೆಯ ಕುಸುಮಕ್ಕ ತಮ್ಮ ಮೊಬೈಲನ್ನು ಕಿಟಕಿಯ ಸರಳಿನೊಳಗಿಂದ ತೂರಿಸಿದರು. ಕೈ ಮಾತ್ರ ಹಿಂದೆ ಹೋಗಲಿಲ್ಲ. ಕಿವಿಯೂ ಕಿಟಕಿಯಲ್ಲೇ ಉಳಿಯಿತು.

“ಸರ್, ಹೊರಟ್ರಾ?”

“ಇಲ್ಲ ಶೀನಪ್ಪಣ್ಣ. ಜ್ವರ ಉಂಟು.”

ಜ್ವರ ಇರಲಿಲ್ಲ. ಕಳೆದ ವರ್ಷ ಇತ್ತು. ಅವನ ಕಾಲೇಜು ಪ್ರತಿ ಆಟಿಯಲ್ಲಿ, ಮಡಂತ್ಯಾರಿನಾಚೆ ಇರುವ ಸಂಚಾಲಕರ ಗದ್ದೆಯಲ್ಲಿ ‘ಕೆಸರಿನಲ್ಲಿ ಒಂದು ದಿನ’ ಎಂದು ಆಟೋಟ ಮಾಡುತ್ತದೆ. ಉತ್ತ ಗದ್ದೆಗೆ ನೀರು ಬಿಟ್ಟು, ಅದರಲ್ಲಿ ಮಕ್ಕಳೂ ಮೇಷ್ಟ್ರುಗಳೂ ಪೋಷಕರೂ ಓಡುತ್ತಾರೆ, ಬೀಳುತ್ತಾರೆ, ನಗುತ್ತಾರೆ. ಬೀಳದೆ, ನಗದೆ, ಬೆಳಗಿನಿಂದ ಸಂಜೆವರೆಗೆ ಸೀಟಿ ಊದುವ ಕೆಲಸ ಶೋಧನನದ್ದು. ಕಳೆದ ಸಲ ಅವನು ಊಟಕ್ಕೆ ಬರುವಾಗ ಉಪ್ಪಿನಕಾಯಿ ಒಂದೇ ಬಾಕಿ ಇತ್ತು. ಮರುದಿನ ಹಿಡಿದ ಜ್ವರ ವಾರ ಬಿಡಲಿಲ್ಲ. ಗಂಟೆ ಲೆಕ್ಕದ ಸಂಬಳ ಆದ್ದರಿಂದ ಆ ವಾರ ಜ್ವರ ಒಂದೇ ಅವನ ಗಳಿಕೆ.

ಅವನು ದೈಹಿಕ ಶಿಕ್ಷಣದ ಅತಿಥಿ ಉಪನ್ಯಾಸಕ. ಇಷ್ಟು ವರ್ಷವಾದರೂ ಹೊರಡದ ಅತಿಥಿಗೆ ಯಾವ ಮನೆಯವರಾದರೂ ಕುರ್ಚಿ ಕೊಡುತ್ತಾರಾ? ಕಾಲೇಜಿನಲ್ಲೂ ಅವನಿಗೊಂದು ಕುರ್ಚಿ ಇರಲಿಲ್ಲ.

“ಜ್ವರ ಇದ್ರೆ ಮಲಗಿ ಸರ್, ನಾನು ಎಂತ ಹೇಳುದಿಲ್ಲ” ಎಂದ ಶೀನಪ್ಪಣ್ಣ. “ಒಂದು ವಿಷಯ ಕೇಳಿ ಮಲಗಿ. ಹೊಸ ಖಾಯಂ ಪೋಸ್ಟಿನ ಸಂದರ್ಶನಕ್ಕೆ ಹೊರಗಿನ ವಿಷಯ ತಜ್ಞರು ಬರ್ಲಿಕ್ಕುಂಟಲ್ಲ, ಅವರು ಇವತ್ತೇ ಗದ್ದೆಗೆ ಬರ್ತಾರಂತೆ. ಮೂಡುಬಿದಿರೆ ಕಡೆಯವರು. ಗುಟ್ಟಾಗಿ.”

ಶೋಧನ್ ಎದ್ದು ಕುಳಿತ. “ಗುಟ್ಟಾಗಿ ಯಾಕೆ?”

“ಸಂದರ್ಶನದಲ್ಲಿ ಎಲ್ಲರೂ ಚಂದ ಮಾತಾಡ್ತಾರೆ. ಮನುಷ್ಯ ಹೇಗೆ ಅಂತ ಗದ್ದೆಯಲ್ಲಿ ಗೊತ್ತಾಗ್ತದೆ ಅಂತ ಅವರ ಲೆಕ್ಕ. ಸ್ಟಾಪ್‌ವಾಚ್ ಹಿಡ್ಕೊಂಡು ಬದಿಯಲ್ಲಿ ನಿಂತಿರ್ತಾರೆ. ನಾನು ಹೇಳಿದ್ದು ಅಂತ ಬೇಡ, ಆಯ್ತಾ. ಹೆಸರು ಗಿಸರು ಕೇಳ್ಲಿಕ್ಕೆ ಹೋಗ್ಬೇಡಿ. ಗುರ್ತ ಸಿಕ್ಕಿದ್ದು ಗೊತ್ತಾದ್ರೆ ನಿಮ್ಮ ಮಾರ್ಕು ಹೋಯ್ತು.”

ಇಲ್ಲದ ಜ್ವರ ಇಳಿಯಿತು. ಸಂದರ್ಶನಕ್ಕೆಂದೇ ತೆಗೆದಿಟ್ಟಿದ್ದ ತುಂಬುತೋಳಿನ ಬಿಳಿ ಅಂಗಿ, ಹಾಲಿನಷ್ಟು ಬಿಳಿಯ ಬೂಟು ಹೊರಗೆ ಬಂದವು.

“ಗದ್ದೆಗೆ ಈ ಬೂಟ್ಸಾ ಮಾರಾಯ?” ಎಂದರು ಕುಸುಮಕ್ಕ, ಇನ್ನೂ ಕಿಟಕಿಯಲ್ಲೇ. “ಹೆಣ್ಣು ನೋಡ್ಲಿಕ್ಕೆ ಹೋಗುವವರೂ ಇಷ್ಟು ಬೆಳ್ಳಗೆ ಹೋಗುದಿಲ್ಲ.”

“ಇದು ಅದಕ್ಕಿಂತ ದೊಡ್ಡದು ಕುಸುಮಕ್ಕ.”

“ಹಾಗಾದ್ರೆ ಖಾಯಂ ಆದ ಮೇಲೆ ನಮ್ಮ ಸಾತ್ವಿಕಾಳನ್ನು ನಿಮ್ಮ ಕಾಲೇಜಿಗೇ ಸೇರಿಸುವ. ಫೀಸು ಸ್ವಲ್ಪ ನೋಡ್ಬೇಕು ನೀನು.” ಪೋಸ್ಟು ಸಿಗುವ ಮೊದಲೇ ಶಿಫಾರಸು ಬಂತು.

ಅಳದಂಗಡಿಯಿಂದ ಮಡಂತ್ಯಾರಿನವರೆಗೆ ಬಸ್ಸಿನಲ್ಲಿ ಅವನು ಕಿಟಕಿಯಾಚೆ ಏನನ್ನೂ ನೋಡಲಿಲ್ಲ. ಅವನ ಕಣ್ಣಿಗೆ ಕಾಣುತ್ತಿದ್ದದ್ದು ಒಂದು ಕೋಣೆ. ಕಾಲೇಜಿನ ಲೈಬ್ರರಿಯ ಪಕ್ಕದ್ದು, ಗಾಳಿ ಬೆಳಕು ಚೆನ್ನಾಗಿರುವಂಥದ್ದು. ಈ ವರ್ಷ ಹೊಸದಾಗಿ ಬಂದ ‘ಮನೋರಂಜನೆ ಮತ್ತು ಫಿಟ್ನೆಸ್’ ಎಂಬ ವಿಷಯಕ್ಕೆ ಥಿಯರಿ ಪಾಠ ಅಲ್ಲಿ ನಡೆಯಬೇಕು. ವೇಳಾಪಟ್ಟಿಯಲ್ಲಿ ಶೋಧನನ ಹೆಸರೇ ಇತ್ತು. ಆದರೆ ಪ್ರತಿ ಸಲ ಅವನು ಬಾಗಿಲಿಗೆ ಬರುವಷ್ಟರಲ್ಲಿ ಕಾಮರ್ಸಿನ ವಿನೋದಾ ಮೇಡಂ ಒಳಗೆ ನಿಂತಿರುತ್ತಿದ್ದರು. “ನನ್ನ ಪೋರ್ಷನ್ ಮುಗಿದಿಲ್ಲ ಸರ್. ನಿಮ್ಮದು ಹೇಗೂ ಆಟ ಅಲ್ವಾ, ಗ್ರೌಂಡಿನಲ್ಲಿ ಆಗ್ತದೆ.”

ಒಂದು ರಜೆಯ ಸಂಜೆ ಮಾತ್ರ ಅವನು ಆ ಕೋಣೆಗೆ ಒಬ್ಬನೇ ಹೋಗಿದ್ದ. ಬೋರ್ಡಿನ ಮೇಲೆ ‘ಮನೋರಂಜನೆ ಎಂದರೇನು?’ ಎಂದು ದುಂಡಗೆ ಬರೆದು, ಖಾಲಿ ಬೆಂಚುಗಳ ಮುಂದೆ ನಿಂತು, ಪೂರ್ತಿ ಒಂದು ಪಾಠ ಮಾಡಿದ್ದ. ಕೊನೆಗೆ “ಡೌಟ್ ಉಂಟಾ?” ಎಂದೂ ಕೇಳಿದ್ದ. ಯಾರಿಗೂ ಡೌಟ್ ಇರಲಿಲ್ಲ. ಬೋರ್ಡು ಒರೆಸಿ ಹೊರಗೆ ಬರುವಾಗ ಕಣ್ಣು ಸ್ವಲ್ಪ ಮಂಜಾದದ್ದು ಸೀಮೆಸುಣ್ಣದ ಹುಡಿಗೆ ಎಂದುಕೊಂಡ.

ಗದ್ದೆಯ ಬದಿಗೆ ಬಂದಾಗ ಜಿಬಿಜಿಬಿ ಮಳೆ. ಮೈಕು ಆಗಲೇ ಕಿರುಚುತ್ತಿತ್ತು. ಶೋಧನನ ಕಣ್ಣು ಜನರ ನಡುವೆ ಹುಡುಕಿತು. ಅಗೋ, ಗದ್ದೆಯ ಅಂಚಿನ ಹುಣಿಯ ಮೇಲೆ ಒಬ್ಬರು ನಿಂತಿದ್ದಾರೆ. ಕಿವಿಯ ಬದಿ ಬೆಳ್ಳಿಕೂದಲು, ದಪ್ಪ ಕನ್ನಡಕ, ಕುತ್ತಿಗೆಯಲ್ಲಿ ಸ್ಟಾಪ್‌ವಾಚ್. ಮುಖದಲ್ಲಿ ಎಷ್ಟೋ ಜನರನ್ನು ಫೇಲು ಮಾಡಿದ ಗಾಂಭೀರ್ಯ.

ಹತ್ತಿರ ಹೋಗಿ ಕೈ ಮುಗಿದ. “ನಮಸ್ಕಾರ ಸರ್.”

ಅವರು ಗಡಿಬಿಡಿಯಲ್ಲಿ ಕೊಡೆ ಮಡಚಿ, ಮಳೆಯಲ್ಲೇ ಎರಡೂ ಕೈ ಮುಗಿದರು. “ನಮಸ್ಕಾರ ಸರ್. ನಾನು ಸುಮ್ಮನೆ ಟೈಮ್ ನೋಡ್ಲಿಕ್ಕೆ ಬಂದದ್ದು, ಅಷ್ಟೆ.”

ಎಂಥ ನಟನೆ, ಎಂದುಕೊಂಡ ಶೋಧನ್. ದೊಡ್ಡವರು ಸುಮ್ಮನೆ ದೊಡ್ಡವರಾಗುವುದಿಲ್ಲ.

ಅಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಶೋಧನ್ ಅದನ್ನು ಅಂಗಿಯ ತೋಳಿನಿಂದಲೇ ಒರೆಸಿ, “ಕೂತ್ಕೊಳ್ಳಿ ಸರ್” ಎಂದ.

“ಛೆ, ನೀವು ಕೂತ್ಕೊಳ್ಳಿ ಸರ್.”

“ನೀವಿರುವಾಗ ನಾನು ಕೂತ್ಕೊಳ್ಳುದಾ?”

“ನೀವು ನಿಂತಿರುವಾಗ ನಾನು ಹೇಗೆ ಕೂತ್ಕೊಳ್ಳುದು ಸರ್?”

ಕುರ್ಚಿ ಅತ್ತ ಇತ್ತ ನಾಲ್ಕಾರು ಸಲ ಸರಿಯಿತು. ಕೊನೆಗೆ ಸಂಚಾಲಕರ ಮನೆಯ ನಾಯಿ ಬಂದು, ಈ ವಾದ ಮುಗಿಯುವುದಿಲ್ಲ ಎಂಬಂತೆ ಇಬ್ಬರನ್ನೂ ನೋಡಿ, ಅದರ ಮೇಲೆ ಮಲಗಿತು.

ಕೆಸರಿನ ಓಟ ಶುರುವಾಯಿತು. ಶೋಧನ್ ಸೀಟಿ ಊದುತ್ತಾನೆ, ಅವರು ವಾಚು ಒತ್ತುತ್ತಾರೆ. ನಡುವೆ ಅವರು ಮೆಲ್ಲಗೆ ಪ್ರಶ್ನೆ ಕೇಳಿದರು. “ಸರ್, ಈ ಹೊಸ ವಿಷಯಕ್ಕೆ ಮುಂದೆ ಭವಿಷ್ಯ ಉಂಟಾ, ನಿಮ್ಮ ಅಭಿಪ್ರಾಯದಲ್ಲಿ?”

ಬಂತು ಪರೀಕ್ಷೆ. ಶೋಧನ್ ಎದೆ ಸೆಟೆಸಿದ. ಊರೂರಿಗೆ ಜಿಮ್ ಬರುತ್ತಿರುವುದು, ಕೂತು ಕೂತು ಜನರ ಸೊಂಟ ಹಿಡಿಯುತ್ತಿರುವುದು, ನಾಳೆ ಪ್ರತಿ ಕಾಲೇಜಿಗೂ ಈ ವಿಷಯದ ಮೇಷ್ಟ್ರು ಬೇಕಾಗುವುದು, ಎಲ್ಲವನ್ನೂ ಉಸಿರು ಬಿಡದೆ ಹೇಳಿದ. ಆಮೇಲೆ, ಖಾಲಿ ಬೆಂಚುಗಳಿಗೆ ಹೇಳಿದ್ದ ಆ ವಾಕ್ಯ ತಾನಾಗಿ ಬಾಯಿಗೆ ಬಂತು.

“ಸರ್, ಮನೋರಂಜನೆ ಅಂದ್ರೆ ಬೇರೇನಲ್ಲ. ಯಾರೂ ಒತ್ತಾಯ ಮಾಡದೆ, ಸಂಬಳಕ್ಕೆ ಕಾಯದೆ, ಮನುಷ್ಯ ತನ್ನ ಖುಷಿಗೆ ಮಾಡುವ ಕೆಲಸ. ಅದರಲ್ಲೇ ಅವನಿಗೆ ಆರೋಗ್ಯ.”

ಅವರು ಬೆರಗಾಗಿ ನೋಡಿದರು. ಆಮೇಲೆ ಎಷ್ಟೋ ಹೊತ್ತು ಅವರ ತುಟಿ ಸಣ್ಣಗೆ ಅಲುಗುತ್ತಿತ್ತು. ಮಾರ್ಕು ಕೂಡಿಸುತ್ತಿದ್ದಾರೆ ಎಂದು ಶೋಧನನಿಗೆ ಖಾತ್ರಿಯಾಯಿತು.

ಮುಂದಿನದ್ದು ನಿಧಿ ಶೋಧ. ಕೆಸರಿನಲ್ಲಿ ಹೂತಿಟ್ಟ ಎಳನೀರಿನ ಬೊಂಡವನ್ನು ಹೆಂಗಸರು ಹುಡುಕಬೇಕು. ಹೇಗೆ ಹುಡುಕುವುದೆಂದು ತಜ್ಞರಿಗೆ ಕಾಣುವಂತೆ ಬಗ್ಗಿ ತೋರಿಸಲು ಹೋಗಿ ಶೋಧನ್ ಮೊಣಕಾಲಿನವರೆಗೆ ಇಳಿದ. ಎದ್ದಾಗ ಕುತ್ತಿಗೆಯ ಸೀಟಿ ಇರಲಿಲ್ಲ. ಎಡಗಾಲಿನ ಬೂಟೂ ಇರಲಿಲ್ಲ. ಹುಡುಕುವಷ್ಟರಲ್ಲಿ ಇಡೀ ಹೆಂಗಸರ ಗುಂಪು ಅವನ ಮೇಲಿಂದಲೇ ದಾಟಿ ಹೋಯಿತು.

“ನನಗೆ ಸಿಕ್ಕಿತು” ಎಂದು ವಿನೋದಾ ಮೇಡಂ ಕೈ ಎತ್ತಿದರು. ಕೈಯಲ್ಲಿ ಬೂಟು.

“ಅದು ನನ್ನದು ಮೇಡಂ.”

“ಕೆಸರಿನಲ್ಲಿ ಮೊದಲು ಸಿಕ್ಕಿದ್ದೇ ನಿಧಿ ಅಂತ ಮೈಕಿನಲ್ಲಿ ಹೇಳಿದ್ದು ಯಾರು ಸರ್, ನಾನಾ?”

ಪಾಠದ ಗಂಟೆ ಕೊಟ್ಟಾಗಿತ್ತು, ಈಗ ಬೂಟೂ ಹೋಯಿತು. ಮೇಡಂಗೆ ಮೊದಲ ಬಹುಮಾನ ಘೋಷಣೆಯಾಯಿತು. ತಜ್ಞರು ಹುಣಿಯ ಮೇಲಿನಿಂದ ಚಪ್ಪಾಳೆ ತಟ್ಟಿದರು. “ನಿಮ್ಮ ಕ್ರೀಡಾ ಮನೋಭಾವ ದೊಡ್ಡದು ಸರ್.”

ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಕೆಸರು ಹಾಕಿಕೊಂಡು ಶೋಧನ್ ಹಗ್ಗಜಗ್ಗಾಟಕ್ಕೆ ನಿಂತ. ಒಂದು ಕಡೆ ಪೋಷಕರು. ಇನ್ನೊಂದು ಕಡೆ ಆಡಳಿತ ಮಂಡಳಿ, ತುದಿಯಲ್ಲಿ ಹಗ್ಗ ಸೊಂಟಕ್ಕೆ ಸುತ್ತಿಕೊಂಡು ಸ್ವತಃ ಸಂಚಾಲಕ ಭರತರಾಜರು. ಮಂಡಳಿ ಸೋಲುವ ಲಕ್ಷಣ ಕಂಡದ್ದೇ ತಡ, ಭರತರಾಜರು ಸಾವಕಾಶವಾಗಿ ಕೆಸರಿನಲ್ಲಿ ಕುಳಿತುಬಿಟ್ಟರು. ನಟ್ಟ ಕಲ್ಲಿನಂತೆ. ಹಗ್ಗ ಅಲ್ಲಾಡಲಿಲ್ಲ.

ಕುಳಿತು ಎಳೆದರೆ ಫೌಲು. ಮಗುವಿಗೂ ಗೊತ್ತು. ಶೀನಪ್ಪಣ್ಣ ದೂರದಿಂದ ‘ನೋಡ್ಬೇಡಿ, ನೋಡ್ಬೇಡಿ’ ಎಂದು ಕಣ್ಣಿನಲ್ಲೇ ಹೇಳುತ್ತಿದ್ದ. ಪೋಸ್ಟು ಕೊಡುವವರು ಕೆಸರಿನಲ್ಲಿ ಕುಳಿತಿದ್ದಾರೆ, ಪೋಸ್ಟಿಗೆ ಮಾರ್ಕು ಹಾಕುವವರು ಹುಣಿಯ ಮೇಲೆ ನಿಂತಿದ್ದಾರೆ. ಶೋಧನನಿಗೆ ಬೆವರು ಬಂತೋ ಮಳೆಯೋ ತಿಳಿಯಲಿಲ್ಲ. ಸೀಟಿ ಇಲ್ಲದ್ದಕ್ಕೆ ಕೆಸರಿನ ಬೆರಳನ್ನೇ ಬಾಯಿಗಿಟ್ಟು ಊದಿ, ಕೈ ಎತ್ತಿದ.

“ಫೌಲ್. ಆಡಳಿತ ಮಂಡಳಿ ಔಟ್.”

ಮೈಕು ಕೂಡ ಸುಮ್ಮನಾಯಿತು. ಪೋಷಕರು ಗಾಬರಿಯಲ್ಲಿ ಹಗ್ಗ ಬಿಟ್ಟರು. ಭರತರಾಜರು ಹಿಂದಕ್ಕೆ ಬಿದ್ದು, ಗದ್ದೆಯಲ್ಲಿ ಅಂಗಾತ, ಆಕಾಶ ನೋಡುತ್ತ ಮಲಗಿದರು.

“ನಿಯಮ ಅಂದ್ರೆ ನಿಯಮ ಸರ್. ಇಂಥವರನ್ನು ನಾನು ನೋಡಿಲ್ಲ” ಎಂದು ತಜ್ಞರು ಅವನ ಕೈ ಹಿಡಿದು ಕುಲುಕಿದರು.

ಊಟಕ್ಕೆ ಈ ಸಲವೂ ಉಪ್ಪಿನಕಾಯಿಯೇ. ಆಮೇಲೆ ಭರತರಾಜರು ಮಿಂದು, ಶುಭ್ರ ಪಂಚೆ ಉಟ್ಟು ಮೈಕಿನ ಮುಂದೆ ಬಂದರು. ಅಚ್ಚರಿಯೆಂದರೆ ನಗುತ್ತಿದ್ದರು. “ಸಣ್ಣದಿರುವಾಗ ಕೆಸರಿಗೆ ಬಿದ್ದದ್ದು, ಮತ್ತೆ ಇವತ್ತೇ. ಖುಷಿಯಾಯ್ತು. ಈ ಆಟದ ಬಗ್ಗೆ ತಿಳಿದವರು ಯಾರಾದ್ರೂ ಎರಡು ಮಾತು ಹೇಳಿ ನೋಡುವ.”

“ನೀವು ಹೇಳಿ ಸರ್” ಎಂದರು ತಜ್ಞರು.

“ನಿಮ್ಮ ಮುಂದೆ ನಾನಾ?” ಎಂದು ಶೋಧನ್ ಅವರನ್ನು ಹಿಂದಿನಿಂದ ದೂಡಿದ. ಸ್ವಲ್ಪ ಜೋರಾಗಿಯೇ ದೂಡಿದ. ಅವರು ಹೋಗಿ ಮೈಕನ್ನೇ ತಬ್ಬಿ ನಿಂತರು. ಗಂಟಲು ಸರಿ ಮಾಡಿಕೊಂಡರು.

“ಮನೋರಂಜನೆ ಅಂದ್ರೆ ಬೇರೇನಲ್ಲ. ಯಾರೂ ಒತ್ತಾಯ ಮಾಡದೆ, ಸಂಬಳಕ್ಕೆ ಕಾಯದೆ, ಮನುಷ್ಯ ತನ್ನ ಖುಷಿಗೆ ಮಾಡುವ ಕೆಲಸ. ಅದರಲ್ಲೇ ಅವನಿಗೆ ಆರೋಗ್ಯ.”

ಗದ್ದೆಗೆ ಗದ್ದೆಯೇ ಚಪ್ಪಾಳೆ ತಟ್ಟಿತು. ವಿನೋದಾ ಮೇಡಂ ಬೂಟು ಕಂಕುಳಲ್ಲಿಟ್ಟು ತಟ್ಟಿದರು. ಶೋಧನ್ ಎಲ್ಲರಿಗಿಂತ ಜೋರಾಗಿ ತಟ್ಟಿದ. ವಿಷಯ ತಜ್ಞರೇ ತನ್ನ ವಾಕ್ಯ ಹೇಳುತ್ತಿದ್ದಾರೆ ಎಂದ ಮೇಲೆ ಸಂದರ್ಶನ ಇನ್ನು ಯಾಕೆ? ಲೈಬ್ರರಿಯ ಪಕ್ಕದ ಆ ಕೋಣೆ ಇಷ್ಟು ಹತ್ತಿರ ಹಿಂದೆಂದೂ ಬಂದಿರಲಿಲ್ಲ. ಕೈ ಚಾಚಿದರೆ ಬಾಗಿಲ ಚಿಲಕ ಸಿಗುವಂತಿತ್ತು.

“ಎಂಥ ಮಾತು” ಎಂದರು ಭರತರಾಜರು. “ಸಂದರ್ಶನ ಇನ್ನು ಯಾಕೆ ಅಂತ ನನಗೆ ಕಾಣ್ತದೆ.”

ಶೋಧನ್ ಕಣ್ಣು ಮುಚ್ಚಿಕೊಂಡ.

“ಆ ಪೋಸ್ಟಿಗೆ ಅರ್ಜಿ ಹಾಕಿದ್ದು ಇಬ್ಬರೇ. ಒಬ್ಬರು ನಮ್ಮ ಶೋಧನ್ ಸರ್. ಇನ್ನೊಬ್ಬರು ಬಂಟ್ವಾಳದ ಕಡೆ ಅತಿಥಿ ಉಪನ್ಯಾಸಕರಾಗಿರುವ ಅಬ್ದುಲ್ ರವೂಫ್ ಸರ್, ಈಗ ಮಾತಾಡಿದವರು.”

ಶೋಧನ್ ಕಣ್ಣು ತೆರೆದ. ರವೂಫರು ಮೈಕಿನ ಬದಿಯಿಂದ ಅವನನ್ನು ನೋಡುತ್ತಿದ್ದರು, ಬಾಯಿ ಅರ್ಧ ತೆರೆದು.

“ನೀವು ತಜ್ಞರಲ್ವಾ?” ಎಂದ ಶೋಧನ್, ಪಿಸುಮಾತಿನಲ್ಲಿ.

“ನೀವಲ್ವಾ? ತಜ್ಞರು ಅಂಪೈರ್ ಆಗಿ ಸೀಟಿ ಹಿಡ್ಕೊಂಡು ಬರ್ತಾರೆ, ಹೆಸರು ಕೇಳ್ಬೇಡಿ, ನೀವೊಂದು ಸ್ಟಾಪ್‌ವಾಚ್ ತನ್ನಿ ಅಂತ ಶೀನಪ್ಪಣ್ಣ ಹೇಳಿದ್ರು.”

ಇಬ್ಬರೂ ಶೀನಪ್ಪಣ್ಣನನ್ನು ಹುಡುಕಿದರು. ಅವನು ಪಾತ್ರೆಗಳ ಹಿಂದೆ ಭಯಂಕರ ಕೆಲಸದಲ್ಲಿದ್ದ.

“ನಾನು ಬೆಳಗಿನಿಂದ ನೋಡ್ತಾ ಇದ್ದೇನೆ” ಎಂದು ಭರತರಾಜರು ಮುಂದುವರಿಸಿದರು. “ಆದಿತ್ಯವಾರ, ಮಳೆ, ಯಾರೂ ಒಂದು ಪೈಸೆ ಕೊಡುದಿಲ್ಲ. ಆದ್ರೂ ಈ ಇಬ್ಬರು ಎಷ್ಟು ಖುಷಿಯಲ್ಲಿ ಕೆಲಸ ಮಾಡಿದ್ರು. ರವೂಫ್ ಸರ್ ಹೇಳಿದ ಹಾಗೆ, ಸಂಬಳಕ್ಕೆ ಕಾಯದೆ ಮಾಡುದರಲ್ಲೇ ಆರೋಗ್ಯ ಇರುದು. ಇಂಥವರನ್ನು ಖಾಯಂ ಮಾಡಿ ನಾವು ಕೆಡಿಸುದು ಬೇಡ. ಒಬ್ಬರನ್ನು ಬಿಡ್ಲಿಕ್ಕೆ ಮನಸ್ಸೂ ಬರುದಿಲ್ಲ. ಇದ್ದ ಗಂಟೆಗಳನ್ನೇ ಇಬ್ಬರಿಗೂ ಅರ್ಧ ಅರ್ಧ ಹಂಚುವ. ಇಷ್ಟು ಚಂದ ಮಾತಾಡುವ ರವೂಫ್ ಸರ್ ಥಿಯರಿ ಮಾಡ್ಲಿ. ನಮ್ಮ ಶೋಧನ್ ಸರ್ ಗ್ರೌಂಡಿನಲ್ಲೇ ಇರ್ಲಿ.”

ಮತ್ತೆ ಚಪ್ಪಾಳೆ. ಮೊದಲಿನದ್ದಕ್ಕಿಂತ ಜೋರು.

ಸಂಜೆ ಇಬ್ಬರೂ ತೋಡಿನ ಬದಿ ಕಾಲು ತೊಳೆಯುತ್ತ ಕುಳಿತಿದ್ದರು. ಈಗ ಯಾರೂ ಯಾರನ್ನೂ ಕೂತ್ಕೊಳ್ಳಿ ಎನ್ನಲಿಲ್ಲ.

“ಆ ವಾಕ್ಯ ನಿಮ್ಮದು” ಎಂದರು ರವೂಫರು. “ಗಾಬರಿಯಲ್ಲಿ ಬೇರೆ ಎಂತದೂ ಬಾಯಿಗೆ ಬರ್ಲಿಲ್ಲ. ನಿಮಗೇ ನಿಮ್ಮ ಮಾತು ಕೇಳಿಸಿದ್ರೆ ಮಾರ್ಕು ಸಿಗ್ತದೆ ಅಂತ ಎಣಿಸಿದೆ.”

ಶೋಧನ್ ಅವರ ಬೆಳ್ಳಿಕೂದಲು ನೋಡಿದ. ಬೆಳಿಗ್ಗೆ ಅದು ವಿದ್ವತ್ತಿನಂತೆ ಕಂಡಿತ್ತು. ಹತ್ತಿರದಿಂದ ನೋಡಿದರೆ ಬರೀ ಕಾಯುವಿಕೆ. “ಎಷ್ಟು ವರ್ಷ ಆಯ್ತು ಸರ್?”

“ಶುರು ಮಾಡುವಾಗ ನಾನು ನಿಮ್ಮ ಹಾಗೇ ಬಿಳಿ ಬೂಟು ಹಾಕ್ತಿದ್ದೆ.”

ತೋಡಿನ ನೀರು ಕೆಂಪಾಗಿ ಹರಿಯಿತು. ಶೋಧನ್ ಹೇಳಿದ, “ಆ ಕೋಣೆಯ ಬೋರ್ಡಿನಲ್ಲಿ ಎಡಬದಿ ಬರೀಬೇಡಿ ಸರ್, ಸೀಮೆಸುಣ್ಣ ಹಿಡಿಯುದಿಲ್ಲ. ಮಧ್ಯಾಹ್ನ ಬಲಗಡೆಯ ಕಿಟಕಿ ಮುಚ್ಚಿ, ಮಕ್ಕಳ ಕಣ್ಣಿಗೆ ಬಿಸಿಲು ಹೊಡೀತದೆ. ಮತ್ತೆ, ಗಂಟೆ ಬಾರಿಸುವ ಮೊದಲೇ ಹೋಗಿ ನಿಲ್ಲಿ. ಇಲ್ಲದ್ರೆ ವಿನೋದಾ ಮೇಡಂ ಒಳಗೆ ಇರ್ತಾರೆ.”

ರವೂಫರು ತಲೆಯಾಡಿಸಿದರು.

ಹಿಂದಿನಿಂದ ಕೆಮ್ಮು ಕೇಳಿಸಿತು. ಶೀನಪ್ಪಣ್ಣ, ಕೈಯಲ್ಲಿ ವಿನೋದಾ ಮೇಡಂ ವಾಪಸು ಕೊಟ್ಟ, ಕೆಸರು ತೊಳೆದ ಬೂಟು. “ಬೇಜಾರು ಮಾಡ್ಬೇಡಿ ಸರ್. ತಜ್ಞರು ಅಂತ ಹೇಳದಿದ್ರೆ ಆದಿತ್ಯವಾರ ಯಾರು ಬರ್ತಾರೆ? ನಂದೂ ಟೆಂಪರರಿ ಕೆಲಸವೇ.” ಬೂಟನ್ನು ಮೆಲ್ಲಗೆ ಶೋಧನನ ಪಕ್ಕದಲ್ಲಿಟ್ಟು, ಹೋಗುವವನು ಹೋಗದೆ ನಿಂತ. “ಬರುವ ಆದಿತ್ಯವಾರ ಮೂಡುಬಿದಿರೆ ಹತ್ತಿರ ಒಂದು ಯುವಕ ಮಂಡಲದ ಕೆಸರುಗದ್ದೆ ಉಂಟು. ಅವರಿಗೆ ಅಂಪೈರ್ ಇಲ್ಲವಂತೆ. ಅಲ್ಲಿಯ ಹೊಸ ಕಾಲೇಜಿನಲ್ಲಿ ಪೋಸ್ಟು ಉಂಟಂತೆ, ಅದರ ತಜ್ಞರೊಬ್ಬರು ಸುಮ್ಮನೆ ನೋಡ್ಲಿಕ್ಕೆ ಬರುವ ಸಾಧ್ಯತೆ ಉಂಟು ಅಂತ ಸುದ್ದಿ.”

ಶೋಧನ್ ರವೂಫರ ಮುಖ ನೋಡಿದ. ರವೂಫರು ಶೋಧನನ ಮುಖ ನೋಡಿದರು. ಇಬ್ಬರಿಗೂ ನಗು ಬಂತು, ನಿಂತಿತು.

“ಸುಳ್ಳು” ಎಂದರು ರವೂಫರು.

“ಶುದ್ಧ ಸುಳ್ಳು” ಎಂದ ಶೋಧನ್. ಬೂಟಿನ ಲೇಸಿನಲ್ಲಿ ಉಳಿದಿದ್ದ ಕೆಸರನ್ನು ಉಗುರಿನಿಂದ ಕೆರೆದು ತೆಗೆದ. ಇನ್ನೊಂದು ಸಲ ನೀರಿನಲ್ಲಿ ಅದ್ದಿ, ಬೆಳ್ಳಗಾಯಿತೇ ಎಂದು ಬೆಳಕಿಗೆ ಹಿಡಿದು ನೋಡಿದ.

“ಬಸ್ಸು ಎಷ್ಟು ಗಂಟೆಗೆ ಶೀನಪ್ಪಣ್ಣ?”