ಜಾಡಿ ಶೋಕೇಸಿಗೆ, ಕಾಯಿ ಡಬ್ಬಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪ್ರಕರಣದಲ್ಲಿ ಜಾಡಿ ನಿರ್ದೋಷಿ, ಮಾವಿನಕಾಯಿ ನಿರ್ದೋಷಿ, ಡಬ್ಬಿಯೂ ನಿರ್ದೋಷಿ. ಉಳಿದವನು ನಾನೊಬ್ಬನೇ!

ನನಗೆ ಹಳೆಯ ಪಿಂಗಾಣಿಯ ಹುಚ್ಚು. ಮದ್ದೂರಿನ ಗುಜರಿ ಅಂಗಡಿಯ ಸಾದಿಕ್ ಭಾಯಿ, ಕಿವಿ ಮುರಿದ ಕಪ್ಪು ಸಿಕ್ಕರೂ ನನಗೆಂದೇ ಎತ್ತಿಡುತ್ತಿದ್ದರು. "ತಮ್ಮಾ, ಇದ್ರಲ್ಲಿ ದೊರೆಗ್ಳು ಚಾ ಕುಡ್ದವ್ರೆ" ಎಂದು ಅವರು. "ಹೌದು ಭಾಯಿ, ಕರೆ ಇನ್ನೂ ಹಂಗೇ ಅದೆ" ಎಂದು ಅವರದೇ ದನಿಯಲ್ಲಿ ನಾನು. ಹೀಗೆ ಮಂಡ್ಯದ ನಮ್ಮ ಮನೆಯ ಶೋಕೇಸು ತುಂಬಿತು. ನಡುವಿನ ಖಾನೆ ಮಾತ್ರ ಖಾಲಿ. ಅದು ಪೂರಿಗಾಲಿಯ ನಮ್ಮಜ್ಜಿಯ ಉಪ್ಪಿನಕಾಯಿ ಜಾಡಿಗೆ ಮೀಸಲು. ಮೇಲೆ ಕಂದು, ಕೆಳಗೆ ಹಾಲುಬಿಳುಪು, ನಮ್ಮ ಎಮ್ಮೆಲ್ಲೆಗಿಂತ ಗಂಭೀರ ಹೊಟ್ಟೆ!

ಕೇಳಿದರೆ ಕೊಡುವ ಅಜ್ಜಿಯಲ್ಲ. ಒಳಗಿದ್ದುದು ಗೌರಿ ಹಬ್ಬಕ್ಕೆ ತವರಿಗೆ ಬರುವ ನನ್ನ ಮೂವರು ಅತ್ತೆಯರ ಪಾಲಿನ ಮಾವಿನಕಾಯಿ. ಆದರೆ ದನಿ ಅನುಕರಿಸುವುದರಲ್ಲಿ ನಾನು ನಿಸ್ಸೀಮ. ಅಪ್ಪನ ದನಿಯಲ್ಲಿ ಅಜ್ಜಿಗೆ ಫೋನು ಮಾಡಿದೆ.

"ಅವ್ವಾ, ಈ ಸಲ ಹಬ್ಬ ನಮ್ಮನೇಲೆ ತಾನೆ? ಜಾಡೀನ ಈಗ್ಲೇ ಕಳ್ಸ್‌ಬುಡು. ತಗಂಡ್ ಬರಕ್ಕೆ ನಿನ್ ಮೊಮ್ಮಗ ಮಂಜ ಬತ್ತಾನೆ."

ಅತ್ತಲಿಂದ ಅಜ್ಜಿ:

"ನನ್ ಮಗ ಇಲ್ಲೇ ನನ್ನೆದ್ರುಗೇ ಕುಂತು ಮುದ್ದೆ ಮುರೀತಾವ್ನೆ. ನೀನ್ಯಾವನ್ಲಾ?"

ಅಪ್ಪ ಬೆಳಿಗ್ಗೆಯೇ ಊರಿಗೆ ಹೋಗಿದ್ದು ನನಗೇನು ಗೊತ್ತು! ನನ್ನದೇ ದನಿಯಲ್ಲಿ ಎಲ್ಲ ಒಪ್ಪಿಕೊಂಡೆ.

ಅಜ್ಜಿ ನಕ್ಕು ನಕ್ಕು ಸಾಕಾಗಿ, ಸಂಜೆ ಅಪ್ಪನ ಕೈಯಲ್ಲೇ ಜಾಡಿ ಕಳಿಸಿದರು. ಜೊತೆಗೊಂದು ಕಟ್ಟಪ್ಪಣೆ: "ಕಟ್ಟಿರೋ ಬಟ್ಟೆ ಮಾತ್ರ ಬಿಚ್‌ಬ್ಯಾಡ ಕಣ್ಲಾ."

ಆದರೆ ದೊರೆಗಳ ಕಪ್ಪುಗಳ ನಡುವೆ, ಬಾಯಿಗೆ ಎಣ್ಣೆಜಿಡ್ಡಿನ ಹಳೇ ಸೀರೆತುಂಡು ಕಟ್ಟಿಕೊಂಡ ಜಾಡಿಯೇ? ನನ್ನ ಸೌಂದರ್ಯಪ್ರಜ್ಞೆ ಒಪ್ಪಲಿಲ್ಲ. ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಸೋಪು ಹಾಕಿ ಮೂರು ಸಲ ತೊಳೆದೆ.

"ಲೋ ಮಂಜ, ಒದ್ದೆ ತಾಗ್ಸೀಯಾ, ಜ್ವಾಕೆ!" ಎಂದರು ಅಮ್ಮ.

"ಅಮ್ಮಾ, ನಾನೇನ್ ಚಿಕ್ ಮಗಾನಾ?" ಎಂದೆ.

ತೊಳೆದಿದ್ದು ಮೂರು ಸಲ. ಒಣಗಿಸಿದ್ದು? ಅಷ್ಟು ತಾಳ್ಮೆ ಕಲಾರಸಿಕರಿಗೆಲ್ಲಿ! ಕಾಯಿ ಡಬ್ಬಿಗೆ ಬಿತ್ತು, ಜಾಡಿ ಥಳಥಳ ಹೊಳೆಯುತ್ತಾ ಶೋಕೇಸೇರಿತು.

ಹಬ್ಬದ ದಿನ ಅಜ್ಜಿಯೂ ಬಂದರು, ಮೂವರು ಅತ್ತೆಯರೂ ಬಂದರು, ಅವರ ಮೂರು ಖಾಲಿ ಡಬ್ಬಿಗಳೂ ಬಂದವು. ನಾನು ಮ್ಯೂಸಿಯಮ್ಮಿನ ಗೈಡಿನ ದನಿ ತೆಗೆದು, "ಮಾನ್ಯರೇ, ಇತ್ತ ಗಮನಿಸಿ" ಎಂದು ಶುರುಮಾಡಿದೆ.

"ನಿನ್ ಗ್ಯಾನ ಆಮ್ಯಾಕಿರ್ಲಿ. ಕಾಯೆಲ್ಲಿ?" ಎಂದರು ದೊಡ್ಡತ್ತೆ.

ಧೈರ್ಯವಾಗಿ ಡಬ್ಬಿ ತಂದು, ಎಲ್ಲರೆದುರು ಮುಚ್ಚಳ ತೆಗೆದೆ. ಒಳಗೆ ಬಂಡೂರು ಕುರಿಮರಿಯೊಂದು ಸುರುಳಿ ಸುತ್ತಿ ಮಲಗಿದಂತಿತ್ತು. ಬೆಳ್ಳಗೆ, ಮೆತ್ತಗೆ, ರೋಮಸಮೇತ!

ದೊಡ್ಡತ್ತೆ ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಖಾಲಿ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿದರು. ಚಿಕ್ಕತ್ತೆಯ ಕಣ್ಣಲ್ಲಿ ನೀರೇ ಬಂತು. ವರ್ಷವಿಡೀ ಅವರ ಮನೆಯಲ್ಲಿ ಊಟಕ್ಕೆ ಆ ಉಪ್ಪಿನಕಾಯಿಯೇ ತವರು.

ನಾನಿನ್ನೂ ಸೋಲೊಪ್ಪಲಿಲ್ಲ. "ಅಜ್ಜೀ, ಕಾಯ್ ಓದ್ರೆ ಓಯ್ತು. ಜಾಡಿ ನೋಡು! ಅರವತ್ತು ವರ್ಸದ್ದು, ಒಂದ್ ಗೀರಾದ್ರೂ ಬಿದ್ದದಾ?"

ಅಜ್ಜಿ ಎಲೆಯಡಿಕೆಯನ್ನು ದವಡೆಯ ಆ ಕಡೆಗೆ ಸರಿಸಿಕೊಂಡು ಹೇಳಿದರು:

"ಅರವತ್ತು ವರ್ಸದಲ್ಲಿ ಈ ಜಾಡೀಲಿ ಒಂದ್ ಮಾವಿನ್ ಓಳಿಗೂ ಬೂಸ್ಟು ಇಡೀನಿಲ್ಲ ಕಣ್ಲಾ. ನಿನ್ ತಲೇಗೆ ಇಪ್ಪತ್ತೈದಕ್ಕೇ ಇಡ್ಕಬುಡ್ತಲ್ಲ!"